ಮಗುವಿನ ಅಂತಃಕರಣ

(ಬಾನುಲಿ ಭಾಷಣ)

ಮನಸ್ಸಾಕ್ಷಿ, ಅಂತಃಕರಣ ಎಂಬ ಎರಡು ಮಾತುಗಳನ್ನು ನಾವು ದಿನವೂ ಬಳಸುತ್ತೇವೆ. ಎರಡೂ ಸಂಸ್ಕೃತದಿಂದ ಬಂದವು. ಎರಡೂ ಮನುಷ್ಯನ ಒಳಗಿರುವ, ಕಣ್ಣಿಗೆ ಕಾಣದ ಯಾವುದೋ ಒಂದನ್ನು ಹೆಸರಿಸುತ್ತವೆ. ಮನಸ್ಸಾಕ್ಷಿಯೆಂದರೆ ನಾವು ಮಾಡುವುದನ್ನೆಲ್ಲ ಒಳಗೆ ಕುಳಿತು ನೋಡುತ್ತಿರುವ ಸಾಕ್ಷಿ. ಅಂತಃಕರಣದ ಕಥೆ ಸ್ವಲ್ಪ ಬೇರೆ. ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ ಇವುಗಳನ್ನು ಒಟ್ಟುಗೂಡಿಸಿ ವೇದಾಂತಿಗಳು ಅಂತಃಕರಣವೆಂದು ಕರೆದರು. ಅಂದರೆ ಒಳಗಿನ ಉಪಕರಣ. ಆದರೆ ಆ ಮಾತು ಪಂಡಿತರ ಗ್ರಂಥದಿಂದ ಇಳಿದು ಕನ್ನಡದ ತಾಯಂದಿರ ಬಾಯಿಗೆ ಬಂದಾಗ ಅದರ ಅರ್ಥವೇ ಬೇರೆಯಾಯಿತು. ‘ಅವನಿಗೆ ಅಂತಃಕರಣವೇ ಇಲ್ಲ’ ಎಂದು ನಮ್ಮ ಹಳ್ಳಿಯ ಹೆಂಗಸು ಹೇಳಿದರೆ, ಅವನಿಗೆ ಬುದ್ಧಿಯಿಲ್ಲವೆಂದು ಯಾರೂ ಅರ್ಥ ಮಾಡುವುದಿಲ್ಲ; ಕರುಣೆಯಿಲ್ಲವೆಂದೇ ತಿಳಿಯುತ್ತಾರೆ. ಮನುಷ್ಯನ ಒಳಗಿನ ಉಪಕರಣ ಯಾವ ಕೆಲಸಕ್ಕಾಗಿ ಇದೆ ಎಂಬುದನ್ನು ನಮ್ಮ ಜನ ತಮ್ಮದೇ ರೀತಿಯಲ್ಲಿ ತೀರ್ಮಾನಿಸಿಬಿಟ್ಟಿದ್ದಾರೆ.

ಮಕ್ಕಳನ್ನು ಬೆಳೆಸುವವರಿಗೆ ಈ ಎರಡು ಮಾತುಗಳ ನಡುವಿನ ಅಂತರ ಬರಿಯ ಭಾಷಾಶಾಸ್ತ್ರದ ವಿಷಯವಲ್ಲ. ಮಗುವಿನಲ್ಲಿ ಸಾಕ್ಷಿಯೊಂದನ್ನು ಕೂರಿಸುವುದು ಒಂದು ಕೆಲಸ. ಆ ಸಾಕ್ಷಿಗೆ ಕರುಳನ್ನು ಕೊಡುವುದು ಇನ್ನೊಂದು ಕೆಲಸ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆತ ಮನೆಗಳು ಬಹಳ. ನಾನು ಕ್ರೈಸ್ತ ಮನೆಯಲ್ಲಿ ಹುಟ್ಟಿ ಕ್ರೈಸ್ತ ಮನೆಯಲ್ಲೇ ಮಕ್ಕಳನ್ನು ಬೆಳೆಸಿದವನು. ಆದುದರಿಂದ ನಾನು ಕೊಡುವ ಉದಾಹರಣೆಗಳು ಬಹುಮಟ್ಟಿಗೆ ಆ ಮನೆಯವು. ಕಷ್ಟ ಮಾತ್ರ ಎಲ್ಲ ಮನೆಗಳದು.

ಕ್ರೈಸ್ತ ಮನೆಗಳಲ್ಲಿ ಮಗುವಿನ ಮನಸ್ಸಾಕ್ಷಿಯ ವಿಷಯದಲ್ಲಿ ವಿಶೇಷವಾದ ಎಚ್ಚರ ಮೊದಲಿನಿಂದ ಇದೆ. ಸಂಜೆ ದೀಪ ಹಚ್ಚಿದ ಮೇಲೆ ಮನೆಮಂದಿಯೆಲ್ಲ ಮೊಣಕಾಲೂರಿ ಜಪಸರ ಹೇಳುತ್ತಾರೆ. ಮಲಗುವ ಮುನ್ನ ದಿನವನ್ನು ಹಿಂತಿರುಗಿ ನೋಡಿ, ಇಂದು ಏನು ತಪ್ಪು ಮಾಡಿದೆ ಎಂದು ತನ್ನನ್ನು ತಾನು ಕೇಳಿಕೊಳ್ಳುವುದನ್ನು ಮಗುವಿಗೆ ಕಲಿಸುತ್ತಾರೆ. ಕಥೋಲಿಕರಲ್ಲಿ ಮೊದಲ ಪಾಪನಿವೇದನೆಗೂ ಮೊದಲ ಪರಮಪ್ರಸಾದಕ್ಕೂ ಏಳು ವರ್ಷದ ಸುಮಾರಿನ ವಯಸ್ಸು ತಕ್ಕದ್ದೆಂದು 1910ರಲ್ಲಿ ಹತ್ತನೆಯ ಭಕ್ತಿನಾಥ ಪೋಪರು ಆಜ್ಞೆ ಹೊರಡಿಸಿದರು. ಅದಕ್ಕೆ ಮೊದಲು ಅನೇಕ ದೇಶಗಳಲ್ಲಿ ಮಕ್ಕಳು ಹತ್ತು, ಹನ್ನೆರಡು ವರ್ಷದವರೆಗೂ ಕಾಯಬೇಕಾಗಿತ್ತು. ಏಳು ವರ್ಷದ ಮಗುವಿಗೂ ಒಳಿತು ಕೆಡುಕುಗಳ ವಿವೇಚನೆ ಉಂಟು, ಅದಕ್ಕೂ ದೇವರ ಮುಂದೆ ನಿಂತು ಮಾತಾಡುವ ಅಧಿಕಾರ ಉಂಟು ಎಂದು ಒಪ್ಪಿಕೊಂಡದ್ದು ದೊಡ್ಡ ಮಾತು. ಮಗುವನ್ನು ಅಷ್ಟು ಗೌರವದಿಂದ ಕಾಣುವ ಸಂಪ್ರದಾಯದಲ್ಲಿ ಬೆಳೆದದ್ದು ಭಾಗ್ಯವೆಂದೇ ನಾನು ತಿಳಿಯುತ್ತೇನೆ.

ಆದರೆ ಎಲ್ಲ ಒಳ್ಳೆಯ ಏರ್ಪಾಡಿಗೂ ಒಂದು ಓರೆಯುಂಟು. ಮಗು ತಪ್ಪು ಮಾಡಿದಾಗ ಅವಸರದಲ್ಲಿರುವ ತಾಯಿತಂದೆಗಳಿಗೆ ತಟಕ್ಕನೆ ಸಿಕ್ಕುವ ಅಸ್ತ್ರವೆಂದರೆ ‘ದೇವರು ನೋಡುತ್ತಾನೆ’ ಎಂಬುದು. ಹಳೆಯ ಧರ್ಮೋಪದೇಶದ ಚಿತ್ರಗಳಲ್ಲಿ ತ್ರಿಕೋನದೊಳಗೆ ರೆಪ್ಪೆ ಬಡಿಯದ ಒಂದು ಕಣ್ಣು ಇರುತ್ತಿತ್ತು. ದೇವರು ಎಲ್ಲವನ್ನೂ ಬಲ್ಲನೆಂಬ ಭಕ್ತಿಯ ಮಾತನ್ನು ಆ ಚಿತ್ರ ಹೇಳಬೇಕಾಗಿತ್ತು. ಕದ್ದು ಬೆಲ್ಲ ತಿಂದ ಮಗುವಿಗೆ ಅದು ಹೇಳಿದ್ದೇ ಬೇರೆ. ಅಲ್ಲಿ ದೇವರು ತಂದೆಯಾಗಿರದೆ ಪೊಲೀಸು ಇನ್‌ಸ್ಪೆಕ್ಟರನಾಗುತ್ತಾನೆ. ಹೀಗೆ ಬೆಳೆದ ಮಕ್ಕಳಲ್ಲಿ ಎರಡು ಬಗೆಯವರನ್ನು ಕಾಣುತ್ತೇವೆ. ಒಬ್ಬನು ಅಳುಕಿನ ಮಗು. ಇರುವ ಪಾಪ ಇಲ್ಲದ ಪಾಪಗಳನ್ನೆಲ್ಲ ಬೆರಳು ಮಡಿಸಿ ಎಣಿಸುತ್ತ ಕೊರಗುತ್ತಾನೆ. ಇನ್ನೊಬ್ಬನು ಚತುರ, ನೋಡುವವರು ಯಾರೂ ಇಲ್ಲದಾಗ ಏನು ಮಾಡಬಹುದೆಂಬುದನ್ನು ಬೇಗ ಕಲಿಯುತ್ತಾನೆ, ದೊಡ್ಡವನಾದ ಮೇಲೆ ದೇವರೂ ನೋಡುತ್ತಿಲ್ಲವೆಂದು ಧೈರ್ಯ ತಂದುಕೊಳ್ಳುತ್ತಾನೆ. ಸ್ವಭಾವದಲ್ಲಿ ಇಬ್ಬರೂ ಬೇರೆ. ಆದರೆ ಇಬ್ಬರ ಗಮನವೂ ತಮ್ಮ ಮೇಲೆಯೇ ನೆಟ್ಟಿರುತ್ತದೆ. ತಮ್ಮ ಕೃತ್ಯದಿಂದ ನೋವುಂಡ ಮೂರನೆಯವನು ಇಬ್ಬರ ಲೆಕ್ಕದಲ್ಲೂ ಇಲ್ಲ.

‘ಯಾರು ನೋಡಿದರು?’ ಎಂಬ ಪ್ರಶ್ನೆಯಿಂದ ‘ಯಾರಿಗೆ ನೋವಾಯಿತು?’ ಎಂಬ ಪ್ರಶ್ನೆಗೆ ಮಗುವನ್ನು ಕೈಹಿಡಿದು ಕರೆದೊಯ್ಯುವುದೇ ತಾಯಿತಂದೆಗಳ ಕೆಲಸವೆಂದು ನನ್ನ ನಂಬಿಕೆ. ಸಾಕ್ಷಿ ಅಂತಃಕರಣವಾಗುವುದು ಆ ದಾರಿಯಲ್ಲಿ.

ಆ ದಾರಿ ಸುಲಭವಲ್ಲ. ಏಕೆಂದರೆ ಮಗುವಿನ ನ್ಯಾಯಬುದ್ಧಿ ಮೊದಮೊದಲು ಬೇರೆ ತಕ್ಕಡಿಯಲ್ಲಿ ತೂಗುತ್ತದೆ. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜ್ಯಾನ್ ಪಿಯಾಜೆ 1932ರಲ್ಲಿ ಮಕ್ಕಳ ನೈತಿಕ ವಿವೇಚನೆಯ ಮೇಲೆ ಒಂದು ಪುಸ್ತಕ ಪ್ರಕಟಿಸಿದರು. ಅದಕ್ಕಾಗಿ ಅವರು ಮಕ್ಕಳಿಗೆ ಎರಡು ಪುಟ್ಟ ಕಥೆಗಳನ್ನು ಹೇಳಿ ಪ್ರಶ್ನಿಸುತ್ತಿದ್ದರು. ಊಟಕ್ಕೆ ಕರೆದರೆಂದು ಒಬ್ಬ ಹುಡುಗ ಬಾಗಿಲು ತಳ್ಳಿಕೊಂಡು ಬರುತ್ತಾನೆ. ಬಾಗಿಲ ಹಿಂದೆ ಕುರ್ಚಿಯ ಮೇಲೆ ತಟ್ಟೆಯಲ್ಲಿದ್ದ 15 ಬಟ್ಟಲುಗಳು ಉರುಳಿ ಒಡೆದುಹೋಗುತ್ತವೆ. ಅವು ಅಲ್ಲಿವೆಯೆಂದು ಅವನಿಗೆ ತಿಳಿದಿರಲಿಲ್ಲ. ಇನ್ನೊಬ್ಬ ಹುಡುಗ, ತಾಯಿ ಮನೆಯಲ್ಲಿಲ್ಲದಾಗ ಕಪಾಟಿನಿಂದ ಹಣ್ಣಿನ ಪಾಕ ಕದಿಯಲು ಹೋಗಿ ಒಂದು ಬಟ್ಟಲನ್ನು ಒಡೆಯುತ್ತಾನೆ. ಹೆಚ್ಚಿನ ತಪ್ಪು ಯಾರದು? ಚಿಕ್ಕ ಮಕ್ಕಳಲ್ಲಿ ಹಲವರು 15 ಬಟ್ಟಲು ಒಡೆದವನದು ಎಂದರು. ಇನ್ನಷ್ಟು ಬೆಳೆದ ಮಕ್ಕಳು ಕದಿಯಲು ಹೋದವನದು ಎಂದರು. ನಷ್ಟವನ್ನು ಎಣಿಸುತ್ತಿದ್ದ ಮಗು ಉದ್ದೇಶವನ್ನು ಎಣಿಸುವ ಮಗುವಾಗಲು ಕೆಲವು ವರ್ಷಗಳು ಬೇಕು.

ಇನ್ನು ನಮ್ಮ ಅಡುಗೆಮನೆಗೆ ಬನ್ನಿ. ಕೆಲಸಕ್ಕೆ ಬಂದ ಹುಡುಗಿಯ ಕೈಯಿಂದ ಪಿಂಗಾಣಿಯ ಬಟ್ಟಲು ಜಾರಿ ಬೀಳುತ್ತದೆ. ಮನೆಯೊಡತಿ ಎರಡು ಮನೆಗಳಿಗೆ ಕೇಳುವಂತೆ ಕೂಗಾಡುತ್ತಾಳೆ. ಅದೇ ಮನೆಯ ಮಗ ಸುಳ್ಳು ಹೇಳಿ ಹತ್ತು ರೂಪಾಯಿ ತೆಗೆದುಕೊಂಡದ್ದು ತಿಳಿದರೆ ನಕ್ಕು, ‘ಭಾರಿ ಚುರುಕು ನಮ್ಮ ಹುಡುಗ’ ಎನ್ನುತ್ತಾಳೆ. ಬಾಗಿಲಲ್ಲಿ ನಿಂತು ನೋಡುವ ಮಗು ಏನು ಕಲಿಯಿತು? ಪಿಯಾಜೆಯ ಚಿಕ್ಕ ಮಕ್ಕಳು ದಾಟಿ ಮುಂದೆ ಹೋಗಬೇಕಾದ ಮೆಟ್ಟಿಲಿನಲ್ಲೇ ನಾವು ನಮ್ಮ ಮಗುವನ್ನು ತಡೆದು ನಿಲ್ಲಿಸಿದಂತಾಯಿತು. ಬಟ್ಟಲಿಗೆ ಬೆಲೆಯುಂಟು, ಮಾತಿಗೆ ಬೆಲೆಯಿಲ್ಲ. ತಪ್ಪು ದೊಡ್ಡದೋ ಸಣ್ಣದೋ ಎಂಬುದು ಮಾಡಿದವರು ಯಾರೆಂಬುದನ್ನು ಅವಲಂಬಿಸಿದೆ. ಇದು ಆ ದಿನದ ಪಾಠ.

ಮಗುವನ್ನು ತಿದ್ದುವ ರೀತಿಯ ವಿಷಯದಲ್ಲಿ 1967ರಲ್ಲಿ ಅಮೆರಿಕದ ಮಾರ್ಟಿನ್ ಹಾಫ್‌ಮನ್ ಮತ್ತು ಹರ್ಬರ್ಟ್ ಸಾಲ್ಟ್‌ಸ್ಟೈನ್ ಎಂಬ ಇಬ್ಬರು ವಿದ್ವಾಂಸರು ಒಂದು ಅಧ್ಯಯನ ಪ್ರಕಟಿಸಿದರು. ಬೆದರಿಸಿ, ಹೊಡೆದು, ಬಲ ತೋರಿಸಿ ತಿದ್ದುವುದು ಒಂದು ಬಗೆ. ‘ನಿನ್ನೊಡನೆ ಮಾತಾಡುವುದಿಲ್ಲ’ ಎಂದು ಪ್ರೀತಿಯನ್ನು ಹಿಂದೆಗೆದುಕೊಂಡು ತಿದ್ದುವುದು ಎರಡನೆಯದು. ನೀನು ಮಾಡಿದ್ದರಿಂದ ಇನ್ನೊಬ್ಬರಿಗೆ ಏನಾಯಿತು ನೋಡು ಎಂದು ಕಾಣಿಸಿಕೊಡುವುದು ಮೂರನೆಯದು. ಅಲ್ಲಿನ ಮಧ್ಯಮ ವರ್ಗದ ಮನೆಗಳಲ್ಲಿ, ತಾಯಂದಿರು ಮೂರನೆಯ ಬಗೆಯನ್ನು ಹೆಚ್ಚಾಗಿ ಅನುಸರಿಸಿದ ಕಡೆ ಮಕ್ಕಳ ನೈತಿಕ ಬೆಳವಣಿಗೆ ಉತ್ತಮವಾಗಿತ್ತೆಂದೂ, ಬಲಪ್ರಯೋಗ ಹೆಚ್ಚಿದ್ದ ಕಡೆ ಕುಂದಿತ್ತೆಂದೂ ಅವರು ಕಂಡರು. ನಮ್ಮ ಅಜ್ಜಿಯರು ಈ ಅಧ್ಯಯನವನ್ನು ಓದಿದವರಲ್ಲ. ಆದರೂ ನಾಯಿಮರಿಗೆ ಕಲ್ಲೆಸೆದ ಮೊಮ್ಮಗನ ಕೈಯನ್ನು ಹಿಡಿದು ಆ ಮರಿಯ ಮೈಮೇಲೆ ಇರಿಸಿ, ‘ನೋಡು ಮಗಾ, ಹೇಗೆ ನಡುಗುತ್ತಿದೆ’ ಎಂದಷ್ಟೇ ಹೇಳಿದ ಅಜ್ಜಿಯರು ಇದ್ದರು. ಹುಡುಗ ಅದನ್ನು ಅಂಗೈಯಿಂದಲೇ ತಿಳಿದನು.

ತಿಳಿದ ಮೇಲೆ ಏನು ಮಾಡಬೇಕು? ಇಲ್ಲಿಯೂ ನಮ್ಮ ಮನೆಗಳು ಅರ್ಧದಾರಿಯಲ್ಲಿ ನಿಲ್ಲುವುದುಂಟು. ಮಗು ದೇವರ ಪಟದ ಮುಂದೆ ಕ್ಷಮೆ ಕೇಳಿತು, ಮುಗಿಯಿತು ಎಂದುಕೊಳ್ಳುತ್ತೇವೆ. ಲೂಕನ ಶುಭಸಂದೇಶದ ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಜಕ್ಕಾಯನೆಂಬ ಸುಂಕದವನು ಬರುತ್ತಾನೆ. ಕುಳ್ಳನಾದ ಅವನು ಮರ ಹತ್ತಿ ಯೇಸುಸ್ವಾಮಿಯನ್ನು ನೋಡಿದ್ದನ್ನು ಮಕ್ಕಳಿಗೆ ನಾವು ನಗುತ್ತ ಹೇಳುತ್ತೇವೆ. ಆದರೆ ಕಥೆಯ ತಿರುಳು ಮರದ ಮೇಲಿಲ್ಲ. ಮನಸ್ಸು ತಿರುಗಿದ ಕ್ಷಣದಲ್ಲಿ ಅವನ ಬಾಯಿಂದ ಬಂದದ್ದು ಲೆಕ್ಕದ ಮಾತು: ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ವಾಪಸು. ಪಶ್ಚಾತ್ತಾಪ ಅವನ ಕಣ್ಣಿನಿಂದ ಕೈಗೆ ಇಳಿಯಿತು. ಗೆಳೆಯನ ಬಣ್ಣದ ಪೆನ್ಸಿಲನ್ನು ಕದ್ದು ತಂದ ಮಗು ಅದನ್ನು ತಾನೇ ಒಯ್ದು ಕೊಟ್ಟುಬರಬೇಕು. ತಂದೆ ಬಾಗಿಲವರೆಗೆ ಜೊತೆಗೆ ಹೋಗಬಹುದು, ಮಾತನ್ನು ಮಗುವೇ ಆಡಬೇಕು. ಎರಡು ನಿಮಿಷದ ಆ ನಡಿಗೆ ಹತ್ತು ಏಟುಗಳಿಗಿಂತ ಭಾರವಾದದ್ದು. ಹಿಂತಿರುಗುವಾಗ ಮಗು ಹಗುರವಾಗಿರುತ್ತದೆ ಎಂಬುದೂ ಅಷ್ಟೇ ನಿಜ.

ಇದುವರೆಗೆ ಹೇಳಿದ್ದು ಯಾವ ಊರಿಗಾದರೂ ಸಲ್ಲುವ ಮಾತು. ಆದರೆ ಮನಸ್ಸಾಕ್ಷಿ ಯಾವುದೋ ಒಂದು ಊರಿನ ಮಣ್ಣಿನಲ್ಲೇ ಬೇರು ಬಿಡಬೇಕು. ನಾನಿರುವ ಗೋಣಿಬೀಡು ಮೂಡಿಗೆರೆ ತಾಲ್ಲೂಕಿನ ಒಂದು ಹೋಬಳಿ. ಸುತ್ತ ಕಾಫಿಯ ಗುಡ್ಡಗಳು. ಘಟ್ಟದ ಕೆಳಗಿನಿಂದ ಚಾರ್ಮಾಡಿಯನ್ನು ಹತ್ತಿ ಬಂದ ಕ್ರೈಸ್ತ ಕುಟುಂಬಗಳು ಈ ಸೀಮೆಯಲ್ಲಿ ತಲೆಮಾರುಗಳಿಂದ ಇವೆ. ತೋಟದ ಒಡೆಯರಾಗಿ, ರೈಟರರಾಗಿ, ಮೇಸ್ತ್ರಿಗಳಾಗಿ, ಕೂಲಿಗಳಾಗಿ ಬಾಳಿವೆ. 1963ರಲ್ಲಿ ಚಿಕ್ಕಮಗಳೂರು ಪ್ರತ್ಯೇಕ ಧರ್ಮಪ್ರಾಂತವೂ ಆಯಿತು. ತೋಟವೆಂದರೆ ಒಂದು ಪುಟ್ಟ ಲೋಕ. ದಿಣ್ಣೆಯ ಮೇಲೆ ಬಂಗಲೆ, ಕೆಳಗೆ ಕಣ, ಅದರಾಚೆ ಲೈನು ಮನೆಗಳು. ಬಂಗಲೆಯ ಮಗುವಿಗೂ ಲೈನಿನ ಮಗುವಿಗೂ ನಡುವೆ ಕೂಗಳತೆಯ ದೂರ. ಇಷ್ಟು ಹತ್ತಿರದಲ್ಲಿ ಇಷ್ಟು ಅಂತರವನ್ನು ದಿನವೂ ಕಂಡು ಬೆಳೆಯುವ ಮಗು, ನಾವು ಕಲಿಸಲಿ ಬಿಡಲಿ, ಏನನ್ನೋ ಕಲಿಯುತ್ತಲೇ ಇರುತ್ತದೆ.

ಅದು ಕಲಿಯುವ ಮೊದಲ ಪಾಠ ವ್ಯಾಕರಣದ್ದು. ಕನ್ನಡದ ಪ್ರಾರ್ಥನೆಗಳಲ್ಲಿ ಒಂದು ವಿಶೇಷವುಂಟು: ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯಲ್ಲಿ ಪ್ರಾಟೆಸ್ಟಂಟರು ದೇವರನ್ನು ‘ನೀನು’ ಎನ್ನುತ್ತಾರೆ, ಕಥೋಲಿಕರು ‘ನೀವು’ ಎನ್ನುತ್ತಾರೆ. ದೇವರು ಇಬ್ಬರಿಗೂ ಓಗೊಡುತ್ತಾನೆಂದು ನಂಬಿದ್ದೇವೆ. ಆತನಿಗೆ ಏಕವಚನದಿಂದ ಮಾನಹಾನಿಯಿಲ್ಲ. ಆದರೆ ಕಣದಲ್ಲಿ ಕಾಫಿ ಹರಡುತ್ತಿರುವ ಅರವತ್ತು ವರ್ಷದ ಹೆಂಗಸನ್ನು ಆರು ವರ್ಷದ ಮಗು ‘ಏ, ಬಾರೇ ಇಲ್ಲಿ’ ಎಂದು ಕರೆದಾಗ ಆ ಏಕವಚನದಲ್ಲಿ ಒಂದು ಇಡೀ ಸಮಾಜವ್ಯವಸ್ಥೆ ಮಾತಾಡುತ್ತದೆ. ಮಗು ಅದನ್ನು ಕೆಟ್ಟತನದಿಂದ ಹೇಳುವುದಿಲ್ಲ. ಮನೆಯಲ್ಲಿ ಕೇಳಿದ್ದನ್ನು ಹೇಳುತ್ತದೆ. ನಮ್ಮ ಭಾಷೆಯಲ್ಲಿ ಅಜ್ಜಿ, ಅಕ್ಕ, ಅಣ್ಣ, ಮಾವ ಎಂಬ ಮಾತುಗಳು ರಕ್ತಸಂಬಂಧಕ್ಕೆ ಮಾತ್ರ ಮೀಸಲಾಗಿಲ್ಲ. ದಾರಿಹೋಕನಿಗೂ ಅವು ಸಲ್ಲುತ್ತವೆ. ಇಂಥ ಭಾಷೆಯನ್ನು ಕೈಯಲ್ಲಿಟ್ಟುಕೊಂಡು ಮಗುವಿಗೆ ಎಲ್ಲರನ್ನೂ ಗೌರವಿಸುವುದನ್ನು ಕಲಿಸಲಾರೆವಾದರೆ ತಪ್ಪು ಭಾಷೆಯದಲ್ಲ. ‘ಅಜ್ಜಿ, ಬನ್ನಿ’ ಎಂದು ಕರೆಯಲು ಕಲಿತ ಮಗು ಆ ಮುದುಕಿಯ ಬೆನ್ನುನೋವನ್ನು ಗಮನಿಸಲು ಬಹಳ ದಿನ ಬೇಕಾಗುವುದಿಲ್ಲ.

ಎರಡನೆಯ ಪಾಠ ಹಿತ್ತಿಲ ಬಾಗಿಲಲ್ಲಿ. ಕೂಲಿಯವರಿಗೆ ಕಾಫಿ ಕೊಡಲು ಬೇರೆ ಲೋಟ, ಅದನ್ನಿಡಲು ಹೊರಗೋಡೆಯಲ್ಲಿ ಬೇರೆ ಗೂಡು. ಹಿಂದೆ ತೆಂಗಿನ ಕರಟವೂ ಇತ್ತು. ಹಣ್ಣನ್ನು ಬಿಡಿಸಿ, ಹೊತ್ತು, ಒಣಗಿಸಿ ಕೊಟ್ಟ ಕೈಗೆ ಅದೇ ಹಣ್ಣಿನ ಕಾಫಿಯನ್ನು ಬೇರೆ ಲೋಟದಲ್ಲಿ ಎತ್ತಿ ಹೊಯ್ಯುವ ಈ ಪದ್ಧತಿಯನ್ನು ಸಂವಿಧಾನದ 17ನೆಯ ವಿಧಿ ತೊಡೆದುಹಾಕಿತು. 1955ರ ಕಾಯಿದೆ ಅದನ್ನು ಅಪರಾಧವೆಂದಿತು. ಕ್ರೈಸ್ತರಾದವರಿಗೆ ಅಷ್ಟರ ಅಗತ್ಯವೂ ಇರಬಾರದಾಗಿತ್ತು. ಜಾತಿ ಕುಲ ಒಡೆಯ ಆಳು ಎಂಬ ಭೇದ ಕ್ರಿಸ್ತನಲ್ಲಿ ಅಳಿಯಿತೆಂದು ಸಂತ ಪೌಲರು ಗಲಾತ್ಯದವರಿಗೆ ಬರೆದು ಎರಡು ಸಾವಿರ ವರ್ಷ ಸಮೀಪಿಸಿತು. ಆದರೂ ದಕ್ಷಿಣ ಭಾರತದ ಕೆಲವೆಡೆ ದೇವಾಲಯದಲ್ಲಿ ಕೂರುವ ಜಾಗ ಬೇರೆ, ಹೂಳುವ ಜಾಗ ಬೇರೆ ಎಂಬುದು ನಡೆದುಬಂತು. 2016ರಲ್ಲಿ ಭಾರತದ ಕಥೋಲಿಕ ಬಿಷಪರ ಮಂಡಳಿ ದಲಿತರ ವಿಷಯದ ತನ್ನ ನೀತಿಪತ್ರದಲ್ಲಿ ಧರ್ಮಸಭೆಯೊಳಗೂ ಈ ರೋಗವಿದೆಯೆಂದು ಒಪ್ಪಿಕೊಂಡಿತು. ಭಾನುವಾರ ಒಂದೇ ರೊಟ್ಟಿಯಲ್ಲಿ ಪಾಲು ಪಡೆದು ಸೋಮವಾರ ಬೇರೆ ಲೋಟ ಇಳಿಸುವ ಮನೆಯಲ್ಲಿ ಮಗು ಯಾವುದನ್ನು ನಂಬಬೇಕು? ಬೋಧನೆಯನ್ನು ಅದು ಬಾಯಿಪಾಠ ಮಾಡುತ್ತದೆ, ಲೋಟವನ್ನು ನಂಬುತ್ತದೆ.

ಮೂರನೆಯ ಪಾಠ ತಕ್ಕಡಿಯ ಬಳಿ. ಕೊಯ್ಲಿನ ಕಾಲದಲ್ಲಿ ಸಂಜೆ ಕಣದಲ್ಲಿ ಚೀಲಗಳು ಸಾಲಾಗಿ ಬಂದು ಕೂರುತ್ತವೆ. ಬಿಡಿಸಿದ ಹಣ್ಣಿನ ತೂಕದ ಮೇಲೆ ಕೂಲಿ. ಚೀಲದ ತೂಕವೆಂದು ಇಷ್ಟು, ಎಲೆ ಕಡ್ಡಿಯೆಂದು ಇಷ್ಟು, ಮಳೆ ನೀರೆಂದು ಇಷ್ಟು ಕಳೆಯುವುದುಂಟು. ಕಳೆಯುವುದು ನ್ಯಾಯವಾಗಿಯೂ ಇರಬಹುದು. ಕಳೆಯುವ ನೆಪದಲ್ಲಿ ಕದಿಯುವುದೂ ಸಾಧ್ಯ. ಬೈಬಲಿನ ಜ್ಞಾನೋಕ್ತಿಗಳು ಮೋಸದ ತಕ್ಕಡಿಯ ವಿಷಯವನ್ನು ಒಮ್ಮೆಯಲ್ಲ, ಹಲವು ಸಲ ಎತ್ತುತ್ತವೆ. ದೇವರಿಗೆ ತಕ್ಕಡಿಯಲ್ಲಿ ಇಷ್ಟು ಆಸಕ್ತಿಯೇಕೆಂದು ಆಶ್ಚರ್ಯವಾಗಬಹುದು. ಓದು ಬಾರದವಳೊಬ್ಬಳ ಒಂದು ದಿನದ ದುಡಿಮೆ ಅಲ್ಲಿ ತೂಗುತ್ತಿದೆ, ಕಾರಣ ಅದೇ. ಮುಳ್ಳು ಯಾವ ಕಡೆ ನಿಂತಿತೆಂದು ಅವಳಿಗೆ ತೋರಿಸಿ, ಅಂಕಿಯನ್ನು ಗಟ್ಟಿಯಾಗಿ ಓದಿ, ಆಮೇಲೆ ಪುಸ್ತಕದಲ್ಲಿ ಬರೆಯುವ ತಂದೆಯ ಪಕ್ಕದಲ್ಲಿ ನಿಂತ ಮಗುವಿಗೆ ಪ್ರಾಮಾಣಿಕತೆಯ ಮೇಲೆ ಬೇರೆ ಉಪನ್ಯಾಸ ಬೇಕಿಲ್ಲ.

ಕೆಡುಕು ಮಾಡದಿರುವುದು ಇದರಿಂದ ಬರಬಹುದು. ಒಳಿತು ಮಾಡುವುದು ಹೇಗೆ ಬರಬೇಕು? 1970ರ ಹೊಸ ಪೂಜಾವಿಧಿಯಲ್ಲಿ ಕಥೋಲಿಕರ ಪಾಪನಿವೇದನೆಯ ಪ್ರಾರ್ಥನೆಗೆ ಒಂದು ಅಂಶ ಸೇರಿತು. ಆಲೋಚನೆ, ಮಾತು, ಕೃತಿಗಳಿಂದಾದ ಪಾಪಗಳ ಜೊತೆಗೆ, ಮಾಡಬೇಕಾದದ್ದನ್ನು ಮಾಡದೆ ಬಿಟ್ಟ ಪಾಪವನ್ನೂ ಅಂದಿನಿಂದ ಹೇಳಿಕೊಳ್ಳುತ್ತೇವೆ. ಒಳ್ಳೆಯ ಸಮಾರಿಯದವನ ಕಥೆಯಲ್ಲಿ ಕಳ್ಳರು ಹೊಡೆದು ಕೆಡವಿದ ಮನುಷ್ಯನನ್ನು ಕಂಡು ಆಚೆ ಬದಿಯಿಂದ ಹೋದ ಯಾಜಕನಾಗಲಿ ಲೇವಿಯನಾಗಲಿ ಯಾವ ತಪ್ಪನ್ನೂ ‘ಮಾಡಲಿಲ್ಲ’. ಅವರ ಮನಸ್ಸಾಕ್ಷಿಯನ್ನು ಕೇಳಿದ್ದರೆ, ಇಂದು ಏನೂ ಕೆಟ್ಟದ್ದು ನಡೆದಿಲ್ಲ ಎಂದೇ ಸಾಕ್ಷಿ ಹೇಳುತ್ತಿತ್ತೇನೋ. ಅವರಲ್ಲಿ ಇಲ್ಲದೆ ಹೋದದ್ದು ಅಂತಃಕರಣ. ನೆರೆಯವನಾರು ಎಂದು ಕೇಳಿದ ಪಂಡಿತನಿಗೆ ಯೇಸುಸ್ವಾಮಿ, ಬಿದ್ದವನಿಗೆ ನೆರೆಯವನಾದವನು ಯಾರು ಎಂದು ಪ್ರಶ್ನೆಯನ್ನೇ ತಿರುಗಿಸಿ ಕೊಟ್ಟರು.

ನಮ್ಮ ಕನ್ನಡದಲ್ಲಿ ‘ನೆರೆ’ ಎಂದರೆ ಪಕ್ಕದ ಮನೆಯೂ ಹೌದು, ಉಕ್ಕಿ ಬರುವ ಪ್ರವಾಹವೂ ಹೌದು. ‘ನೆರವು’ ಕಿವಿಗೆ ಅದರ ತಂಗಿಯಂತೆ ಕೇಳಿಸುತ್ತದೆ. 2019ರ ಆಗಸ್ಟಿನಲ್ಲಿ ಹೇಮಾವತಿ ಹುಟ್ಟುವ ಈ ತಾಲ್ಲೂಕು ಈ ಮಾತುಗಳ ಅರ್ಥವನ್ನೆಲ್ಲ ಒಟ್ಟಿಗೆ ಕಂಡಿತು. ಮಲೆಮನೆ, ಮಧುಗುಂಡಿಯಂಥ ಊರುಗಳಲ್ಲಿ ಗುಡ್ಡಗಳು ಜಾರಿ ಬಂದು ಮನೆ, ಗದ್ದೆ, ತೋಟಗಳನ್ನು ನುಂಗಿದವು. ಆಗ ತನ್ನ ಒಣಗಿದ ಬಟ್ಟೆಗಳಲ್ಲಿ ಒಳ್ಳೆಯದನ್ನು ಆರಿಸಿ ಕೊಡಬೇಕೋ ಹರಿದದ್ದನ್ನು ಕೊಡಬೇಕೋ ಎಂಬುದನ್ನು ಪ್ರತಿ ಮನೆಯೂ ತೀರ್ಮಾನಿಸಬೇಕಾಯಿತು. ಕಪಾಟಿನ ಮುಂದೆ ನಿಂತ ತಾಯಿಯ ಕೈ ಯಾವ ಬಟ್ಟೆಯ ಕಡೆ ಹೋಗುತ್ತದೆಂದು ಮಕ್ಕಳು ನೋಡುತ್ತಿರುತ್ತಾರೆ.

ಅಂಥ ಆಪತ್ತು ದಿನವೂ ಬರುವುದಿಲ್ಲ, ಬರಬಾರದು. ದಿನದ ಅಭ್ಯಾಸಕ್ಕೆ ಹಬ್ಬಗಳಿವೆ. ಸೆಪ್ಟೆಂಬರ್ 8ರಂದು ಕನ್ನಡ ಕರಾವಳಿಯ ಮತ್ತು ಮಲೆನಾಡಿನ ಕೊಂಕಣಿ ಕಥೋಲಿಕರು ಮೊಂತಿ ಹಬ್ಬವನ್ನು ಆಚರಿಸುತ್ತಾರೆ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಹೂ ಒಯ್ಯುತ್ತಾರೆ. ಹಬ್ಬದ ದಿನ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೆ ತಂದು, ಹೊಸ ಅಕ್ಕಿಯನ್ನು ಪಾಯಸದಲ್ಲೋ ಹಾಲಿನಲ್ಲೋ ಬೆರೆಸಿ ಎಲ್ಲರೂ ಕೂಡಿ ಉಣ್ಣುತ್ತಾರೆ. ದೂರದ ಊರಿನಲ್ಲಿರುವ ಮಗನಿಗೆ, ಮಗಳಿಗೆ ಆಶೀರ್ವದಿಸಿದ ಕಾಳುಗಳನ್ನು ಅಂಚೆಯಲ್ಲಿ ಕಳಿಸುವ ವಾಡಿಕೆಯೂ ಉಂಟು. ಇಲ್ಲದವರ ಪಾಲನ್ನು ನೆನೆಯದೆ ಹೊಸತನ್ನು ಉಣ್ಣಬಾರದೆಂಬ ಈ ಭಾವನೆ ಅತಿ ಸುಂದರವಾದದ್ದು. ಆದರೆ ಅದು ನಮ್ಮ ರಕ್ತದವರಲ್ಲೇ ನಿಂತುಬಿಡುತ್ತದೆಯೆ? ಇಂದು ಲೈನು ಮನೆಗಳಲ್ಲಿ ಅಸ್ಸಾಮಿನಿಂದ ಕೆಲಸಕ್ಕೆ ಬಂದ ಕುಟುಂಬಗಳಿವೆ. ಕನ್ನಡವನ್ನು ಅರೆಬರೆಯಾಗಿ ಕಲಿಯುತ್ತಿರುವ ಅವರ ಮಕ್ಕಳು ಬೇಲಿಯಾಚೆ ನಿಂತು ಹೂವಿನ ಬುಟ್ಟಿಗಳನ್ನು ನೋಡುತ್ತಾರೆ. ತನ್ನ ಬುಟ್ಟಿಯ ಡೇಲಿಯಾ ಹೂವನ್ನು ಆಚೆ ನಿಂತ ಮಗುವಿಗೆ ಕೊಟ್ಟು ಮರಿಯಮ್ಮನಿಗೆ ಒಂದು ಹೂ ಕಡಿಮೆ ಒಯ್ದ ಹುಡುಗಿಗೆ ಗದರಿಕೆ ಸಿಕ್ಕಬೇಕೆ, ಮುದ್ದು ಸಿಕ್ಕಬೇಕೆ? ಕ್ರಿಸ್‌ಮಸ್ಸಿನ ಕುಸ್ವಾರದ ತಟ್ಟೆಗಳು ಯಾರಾರ ಮನೆಗೆ ಹೋಗುತ್ತವೆ, ಯಾರ ಮನೆಗೆ ಹೋಗುವುದಿಲ್ಲ ಎಂಬುದನ್ನು ತಟ್ಟೆ ಹೊತ್ತು ನಡೆಯುವ ಮಗು ನಮಗಿಂತ ಚೆನ್ನಾಗಿ ಬಲ್ಲದು.

ಇದೆಲ್ಲ ಕ್ರೈಸ್ತರ ಸ್ವತ್ತೆಂದು ನಾನು ಹೇಳುತ್ತಿಲ್ಲ. ಬೇಸೆಲ್ ಮಿಷನ್ನಿನ ಬೋಧಕರಾಗಿದ್ದ ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಬೈಬಲನ್ನು ಹಿಡಿದ ಕೈ ತ್ರಿಪದಿಗಳನ್ನು ಆಯ್ದು ಕಾಪಾಡಲು ಹಿಂಜರಿಯಲಿಲ್ಲ. ಅಂಥವರ ಮಾದರಿಯಿರುವ ಕನ್ನಡ ಕ್ರೈಸ್ತನು ತನ್ನ ಮಗುವಿಗೆ ಗೋವಿನ ಹಾಡನ್ನು ಹೇಳಿಕೊಡದಿದ್ದರೆ ನಷ್ಟ ಮಗುವಿಗೆ. ಆ ಕಥೆಯಲ್ಲಿ ಪುಣ್ಯಕೋಟಿಯ ಸತ್ಯವನ್ನು ನಾವು ಹೊಗಳುತ್ತೇವೆ, ಅದು ತಕ್ಕದ್ದೇ. ಆದರೆ ಒಳಗು ಬದಲಾಗುವುದು ಹುಲಿಯದು. ಅದನ್ನು ಯಾರೂ ಬೆದರಿಸಲಿಲ್ಲ. ಕಾಡಿನಲ್ಲಿ ಸಾಕ್ಷಿಯೂ ಇರಲಿಲ್ಲ. ಮಾತಿಗೆ ತಪ್ಪದೆ ಮರಳಿ ಬಂದ ಒಂದು ಜೀವ ಎದುರಿಗೆ ನಿಂತಿತು, ಅಷ್ಟೇ. ತಾಯಿಯಿಲ್ಲದ ಕರುವನ್ನು ನಮ್ಮದೆಂದೇ ನೋಡಿಕೊಳ್ಳುವೆವೆಂದು ಒಪ್ಪಿಕೊಂಡ ಉಳಿದ ಹಸುಗಳೂ ಆ ಕಥೆಯಲ್ಲಿವೆ. ಅವುಗಳ ಹೆಸರು ಯಾರಿಗೂ ನೆನಪಿಲ್ಲ. ಲೋಕದ ದಯೆಯ ಬಹುಪಾಲು ಹಾಗೆ ಹೆಸರಿಲ್ಲದೆ ನಡೆಯುವಂಥದು.

ಇಷ್ಟು ಮೃದುವಾಗಿ ಬೆಳೆಸಿದರೆ ಮಗು ಈ ಕಟು ಲೋಕದಲ್ಲಿ ಬಾಳೀತೆ ಎಂದು ಕೇಳುವವರಿದ್ದಾರೆ. ಅವರಿಗೆ ಫ್ರಾನ್ಸಿನ ಒಂದು ಗುಡ್ಡಗಾಡಿನ ಊರನ್ನು ತೋರಿಸಬೇಕು. ಅದರ ಹೆಸರು ಲೆ ಶಾಂಬೋನ್. ರೈತರ ಊರು, ಬಹುಪಾಲು ಪ್ರಾಟೆಸ್ಟಂಟರದು. ಎರಡನೆಯ ಮಹಾಯುದ್ಧದಲ್ಲಿ ಯೆಹೂದ್ಯರನ್ನು ಹಿಡಿದು ಸಾವಿಗೆ ಕಳಿಸುತ್ತಿದ್ದಾಗ, ಪಾದ್ರಿ ಆಂದ್ರೆ ತ್ರೊಕ್ಮೆಯವರ ಮುಂದಾಳ್ತನದಲ್ಲಿ ಈ ಊರಿನವರೂ ಸುತ್ತಲಿನ ಹಳ್ಳಿಗರೂ ಸಾವಿರಾರು ನಿರಾಶ್ರಿತರನ್ನು ಬಚ್ಚಿಟ್ಟು ಕಾಪಾಡಿದರು. ಅವರಲ್ಲಿ ಮಕ್ಕಳೂ ಬಹಳ ಇದ್ದರು. ಪಾದ್ರಿಯವರ ಬಂಧು ದಾನಿಯೇಲ್ ತ್ರೊಕ್ಮೆ ತಾನು ನೋಡಿಕೊಳ್ಳುತ್ತಿದ್ದ ವಿದ್ಯಾರ್ಥಿಗಳೊಡನೆ 1943ರಲ್ಲಿ ಸೆರೆಯಾಗಿ ಮರುವರ್ಷ ಮೈದಾನೆಕ್ ಶಿಬಿರದಲ್ಲಿ ಮಡಿದರು. ಹಲವು ವರ್ಷಗಳ ಮೇಲೆ ಫಿಲಿಪ್ ಹ್ಯಾಲಿ ಎಂಬ ಅಮೆರಿಕದ ತತ್ತ್ವಶಾಸ್ತ್ರಜ್ಞರು ಹೋಗಿ ವಿಚಾರಿಸಿದಾಗ ಆ ಹಳ್ಳಿಗರಿಗೆ ಹೊಗಳಿಕೆಯೇ ಮುಜುಗರವಾಯಿತು. ಬಾಗಿಲು ತಟ್ಟಿದವರನ್ನು ಒಳಗೆ ಕರೆಯುವುದರಲ್ಲಿ ವಿಶೇಷವೇನು ಎಂಬುದು ಅವರ ಭಾವ. 1988ರಲ್ಲಿ ಸ್ಯಾಮ್ಯುಯೆಲ್ ಮತ್ತು ಪರ್ಲ್ ಒಲಿನರ್ ದಂಪತಿಗಳು ಯೂರೋಪಿನಲ್ಲಿ ಹೀಗೆ ಯೆಹೂದ್ಯರನ್ನು ಕಾಪಾಡಿದ ನೂರಾರು ಜನರನ್ನು ಕುರಿತ ಅಧ್ಯಯನ ಪ್ರಕಟಿಸಿದರು. ಆ ಜನರ ತಾಯಿತಂದೆಗಳು ಹೊಡೆಯುವುದಕ್ಕಿಂತ ವಿವರಿಸಿ ಹೇಳುವುದನ್ನು ಹೆಚ್ಚಾಗಿ ಮಾಡುತ್ತಿದ್ದರೆಂಬುದು ಅದರಲ್ಲಿ ಕಂಡುಬಂದ ಸಂಗತಿಗಳಲ್ಲೊಂದು. ಮೃದುವಾಗಿ ಬೆಳೆದವರು ಬಂದೂಕಿನ ಮುಂದೆ ಗಟ್ಟಿಯಾಗಿ ನಿಂತರು.

ಹಾಗೆ ನಿಲ್ಲುವ ಶಕ್ತಿ ಮಗುವಿಗೆ ಬರಬೇಕಾದರೆ ಅದು ಮೊದಲು ನಮ್ಮ ಎದುರಿಗೆ ನಿಂತು ಅಭ್ಯಾಸ ಮಾಡಬೇಕಾಗುತ್ತದೆ. ತಾಯಿತಂದೆಗಳು ಸಾಮಾನ್ಯವಾಗಿ ಎಣಿಸದ ಮಾತು ಇದು. ಮಗುವಿನಲ್ಲಿ ಅಂತಃಕರಣವನ್ನು ಎಚ್ಚರಿಸಿದವರು, ಅದು ನೆರೆಮನೆಯವರನ್ನು ಮಾತ್ರ ಪ್ರಶ್ನಿಸಲೆಂದು ಅಪೇಕ್ಷಿಸಲಾಗದು. ಒಂದು ಸಂಜೆ ಅದು ಹಿತ್ತಿಲಿನಿಂದ ಒಳಗೆ ಬಂದು, ‘ಅಪ್ಪಾ, ಆ ಅಜ್ಜಿಯ ಲೋಟ ಮಾತ್ರ ಯಾಕೆ ಹೊರಗೆ?’ ಎಂದು ಕೇಳುತ್ತದೆ. ಆಗ ತಂದೆಗೆ ಮೂರು ದಾರಿಗಳಿವೆ. ‘ನಿನಗೆ ತಿಳಿಯುವುದಿಲ್ಲ, ಹೋಗು’ ಎನ್ನಬಹುದು. ಆ ಪ್ರಶ್ನೆ ಮತ್ತೆ ಬರಲಾರದು, ಮುಂದೆ ಬೇರೆ ಪ್ರಶ್ನೆಗಳೂ ಬರಲಾರವು. ‘ಮೊದಲಿನಿಂದ ಬಂದದ್ದು’ ಎನ್ನಬಹುದು. ತಲೆಮಾರುಗಳಿಂದ ಬಂದದ್ದಕ್ಕೆಲ್ಲ ಅದೇ ಉತ್ತರ ಸಾಕೆಂದು ಮಗು ಕಲಿಯುತ್ತದೆ. ಇಲ್ಲವೇ, ಏನೂ ಹೇಳದೆ ಎದ್ದುಹೋಗಿ ಆ ಲೋಟವನ್ನು ಒಳಗೆ ತಂದು, ತೊಳೆದು, ಎಲ್ಲ ಲೋಟಗಳ ಸಾಲಿನಲ್ಲಿ ಇಡಬಹುದು.

ಮೂರನೆಯದನ್ನು ಮಾಡುವ ತಂದೆ ಮರುದಿನ ಅದೇ ಸಾಲಿನಿಂದ ಯಾವುದೋ ಒಂದು ಲೋಟವನ್ನು ತೆಗೆದು ಆ ಅಜ್ಜಿಗೆ ಕಾಫಿ ಕೊಡಬೇಕಾಗುತ್ತದೆ. ಇನ್ನೊಂದನ್ನು ತೆಗೆದು ತಾನು ಕುಡಿಯಬೇಕಾಗುತ್ತದೆ. ಮನೆಯ ಹಿರಿಯರು ಗೊಣಗಿಯಾರು, ನೆಂಟರು ನಕ್ಕಾರು. ಅದನ್ನು ತಡೆದುಕೊಳ್ಳುವುದೂ ಮಗುವಿನ ಶಿಕ್ಷಣದ ಒಂದು ಭಾಗವೇ. ನಮ್ಮ ಮಕ್ಕಳಿಂದ ಇಂಥ ಪ್ರಶ್ನೆಗಳು ಬರಲಿ, ಬಂದಾಗ ಅವಕ್ಕೆ ತಕ್ಕ ಉತ್ತರ ಕೊಡುವ ಬಲ ನಮಗೂ ಇರಲಿ ಎಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.